ನಾನು ಓದದೆ ಬಿಟ್ಟ ಸಾಲುಗಳು

ಸಿಂಧನೂರಿನಲ್ಲಿ ಉರ್ದು ಮಾಸ್ತರರು ತೀರಿಕೊಂಡ ಸುದ್ದಿ ಲಿಂಗಸೂಗೂರಿನ ನಮ್ಮ ಶಾಲೆಗೆ ಮೂರು ದಿನ ತಡವಾಗಿ ಬಂತು. ಮಗನ ಹೆಸರು ಹಚ್ಚಲು ಬಂದಿದ್ದ ಸಾಲಗುಂದದ ರೈತನೊಬ್ಬ ಕೆಲಸ ಮುಗಿಸಿ ಬಾಗಿಲ ತನಕ ಹೋದವನು ತಿರುಗಿ ನಿಂತು, "ಅಂದಂಗ, ನಿಮ್ಮ ಉರ್ದು ಅಯ್ನೋರು ಹ್ವಾದ್ರಲ್ರೀ. ಮಣ್ಣಿಗೆ ನಾನೂ ಹೋಗಿದ್ದೆ" ಎಂದ.

ನಮ್ಮ ಹೆಡ್ ಮಾಸ್ತರರು ನನ್ನ ಕಡೆ ನೋಡಿದರು. "ಒಂದ ನಾಕ ಸಾಲ ಬರದ್ ಕೊಡ್ರಿ. ಮಸ್ಕಿಯೊಳಗ ಒಂದ ಖೋಲಿಯಾಗ ಇದ್ದೋರು ನೀವು. ಸಂಜಿಗೆ ಹುಡುಗರ್ನ ನಿಲ್ಲಿಸಿ ಓದಿಬಿಡೂಣು."

ಬರೆದು ಕೊಟ್ಟೆ. ಸರಳ ಜೀವಿ, ಕೆಲಸದಲ್ಲಿ ನಿಷ್ಠೆ, ಮಕ್ಕಳ ಮೆಚ್ಚಿನ ಗುರು. ಹುಡುಗರು ಎರಡು ನಿಮಿಷ ಬಿಸಿಲಲ್ಲಿ ನಿಂತು ಮನೆಗೆ ಹೋದರು. ಆ ನಾಲ್ಕು ಸಾಲಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನಾನು ಬರೆಯಬೇಕಾದದ್ದು ಬೇರೆ. ಅದು ಇಷ್ಟು: ಅವರ ಹೆಂಡತಿ ಬರೆದ ಪತ್ರಗಳನ್ನು ಅವರಿಗೆ ಓದಿ ಹೇಳುತ್ತಿದ್ದವನು ನಾನು. ಒಂದು ಪತ್ರದಲ್ಲಿ ಕೆಲವು ಸಾಲು ಬಿಟ್ಟು ಓದಿದೆ. ಆಕೆ ಬದುಕಲಿಲ್ಲ.

ಇದನ್ನು ಇದುವರೆಗೆ ಮೂವರಿಗೆ ಹೇಳಿದ್ದೇನೆ, ಮೂರು ಬಗೆಯಾಗಿ. ಒಬ್ಬರಿಗೆ, ದೀಪ ಆರಿದ್ದರಿಂದ ಆ ಸಾಲು ಕಾಣಲಿಲ್ಲ ಎಂದೆ. ದೀಪ ಹಚ್ಚುವ ಹೊತ್ತೇ ಆಗಿರಲಿಲ್ಲ. ಇನ್ನೊಬ್ಬರಿಗೆ, ಶಾಯಿ ಹರಡಿತ್ತು ಎಂದೆ. ಆಕೆಯ ಅಕ್ಷರ ಜೋಳದ ಕಾಳು ಹರವಿದ ಹಾಗೆ ಬಿಡಿಬಿಡಿಯಾಗಿ ಇರುತ್ತಿತ್ತು. ಮೂರನೆಯದು ನಿಜಕ್ಕೆ ಹತ್ತಿರವಿತ್ತು, ಆದರೆ ಅದರಲ್ಲಿ ನಾನು ಅತ್ತಿದ್ದೆ. ನಿಜದಲ್ಲಿ ಅತ್ತ ನೆನಪಿಲ್ಲ. ಈಗ ಬರೆಯುತ್ತಿರುವುದು ನಾಲ್ಕನೆಯದು. ಇದರಲ್ಲೂ ಎಲ್ಲಾದರೂ ನಾನು ಒಳ್ಳೆಯವನಾಗಿ ಕಂಡರೆ ಓದುವವರು ಅನುಮಾನಪಡಬೇಕು.

ಅವರದು ನಿಜಾಮನ ಕಾಲದ ಓದು. ಮನೆಮಾತು ಕನ್ನಡ, ಬೈಯುವುದು ಕನ್ನಡ, ಲಿಂಗಪೂಜೆಯ ಮಾತೂ ಕನ್ನಡ. ಓದು ಬರಹ ಮಾತ್ರ ಪೂರ್ತಿ ಉರ್ದು, ಅದರ ಮೇಲೊಂದಿಷ್ಟು ಫಾರ್ಸಿ. ಕನ್ನಡದ ಒಂದು ಅಕ್ಷರ ಬರುತ್ತಿರಲಿಲ್ಲ. ಹೊಳೆಯಾಚೆಯವರಿಗೆ ಹೇಳಿದರೆ ನಗುತ್ತಾರೆ. ನಮ್ಮ ಕಡೆ ಅಂಥವರು ಊರಿಗೆ ಹತ್ತು ಜನ ಇದ್ದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಅದರ ಮೇಲೆ ಕೆಂಪು ರೂಮಿ ಟೋಪಿ, ಮೈಮೇಲೆ ಮೊಣಕೈ ಹತ್ತಿರ ತೇಪೆ ಹಾಕಿದ ಶೇರವಾನಿ. ರಾಜ್ಯ ಹೋಗಿ ಎರಡು ವರ್ಷವಾದರೂ ಆ ಉಡುಪು ಬಿಟ್ಟಿರಲಿಲ್ಲ. ಮಸ್ಕಿಯ ಚಹಾ ಹೋಟೆಲಿನಲ್ಲಿ ಒಬ್ಬ ಕೇಳಿಯೇ ಬಿಟ್ಟ.

"ಏನ್ರೀ ಅಯ್ನೋರ, ನವಾಬರು ಹೋಗ್ಯಾರ, ನೀವು ಇನ್ನೂ ದರಬಾರಕ್ಕ ಹೊಂಟೀರಲ್ಲ?"

"ಸರಕಾರ ಬದಲಿ ಆತಪಾ. ಅದರ ಜೋಡಿ ಬಟ್ಟಿನೂ ಕೊಡ್ತಾರಂತ ಹಾದಿ ಕಾಯಾಕತ್ತೀನಿ" ಎಂದು ಅವರು ಬಸಿಯಲ್ಲಿ ಚಹಾ ಸುರಿದುಕೊಂಡರು.

ನಾನು ಮಸ್ಕಿಗೆ ಬಂದದ್ದು ಐವತ್ತರ ಮಳೆಗಾಲದಲ್ಲಿ. ಇಪ್ಪತ್ತೆರಡು ವರ್ಷ, ಮದುವೆಯಾಗಿರಲಿಲ್ಲ. ಹೊಳೆಯಾಚೆ ಬಾಗಲಕೋಟೆಯಲ್ಲಿ ಓದಿ ಬಂದವನೆಂದು ಕನ್ನಡ ಕಲಿಸುವ ಕೆಲಸ ಕೂಡಲೇ ಸಿಕ್ಕಿತ್ತು. ಶಾಲೆ ಉರ್ದುವಿನಿಂದ ಕನ್ನಡಕ್ಕೆ ತಿರುಗುತ್ತಿದ್ದ ಕಾಲ ಅದು. ಇಪ್ಪತ್ತು ವರ್ಷ ಪದ್ಯ ಪಾಠ ಮಾಡಿದ್ದ ಮನುಷ್ಯನಿಗೆ ಈಗ ಬರಿ ಲೆಕ್ಕದ ಪಾಠ ಕೊಟ್ಟಿದ್ದರು, ಅಂಕಿಗಳಿಗೆ ಕನ್ನಡ ಬರಬೇಕಾಗಿಲ್ಲ ಎಂದು. ವಯಸ್ಸಿನಲ್ಲಿ ನನ್ನ ಎರಡರಷ್ಟು ದೊಡ್ಡವರು ನನ್ನನ್ನು "ಪಂಡಿತರ" ಎಂದು ಕರೆಯುತ್ತಿದ್ದರು. ಮೊದಲು ಚೇಷ್ಟೆಗೆ ಹಾಗೆ ಕರೆದದ್ದು, ಆಮೇಲೆ ರೂಢಿಯಾಯಿತು.

ಲೆಕ್ಕದ ಪಾಠದಲ್ಲೂ ಪದ್ಯ ನುಸುಳುತ್ತಿತ್ತು. ಪಕ್ಕದ ಕೋಣೆಯಿಂದ ನನಗೆ ಕೇಳುತ್ತಿತ್ತು. ಯಾವುದೋ ಉರ್ದು ದ್ವಿಪದಿಯನ್ನು ರಾಗವಾಗಿ ಹೇಳಿ, ಅದನ್ನು ನಮ್ಮ ಊರ ಮಾತಿಗೆ ಇಳಿಸುತ್ತಿದ್ದರು. "ಪ್ರಿಯಕರ ಆಕಿ ಬಾಗಿಲ ಮುಂದ ಬಿದ್ದು ಪ್ರಾಣಾ ಬಿಟ್ಟನಂತ. ಯಾಕ ಬಿಡಬೇಕಲೇ? ಬಾಗಿಲಾ ಬಡದು, ಯವ್ವಾ ನೀರಡಿಕಿ ಆಗೇತಿ ಒಂದ ತಂಬಿಗಿ ನೀರ ಕೊಡು ಅನ್ನಬೇಕು. ಆಕಿ ಕೊಟ್ಟ ನೀರ ಕುಡದು ಬದುಕಬೇಕು. ಆದ್ರ ಅಂವ ಬದುಕಿದ್ರ ಪದ್ಯ ಆಗಂಗಿಲ್ಲ. ಅದಕ್ಕ ಕವಿಗಳು ಭಾಳ ಮಂದಿನ್ನ ಬಾಗಿಲದಾಗ ಕೊಂದಾರ."

ಹುಡುಗರು ನಗುತ್ತಿದ್ದರು. ಅವರು ನಗುತ್ತಿರಲಿಲ್ಲ.

ಒಮ್ಮೆ ಹುಡುಗರನ್ನು ಕರೆದುಕೊಂಡು ಗುಡ್ಡದ ಶಾಸನ ತೋರಿಸಲು ಹೋಗಿದ್ದೆವು. ಬಂಡೆಯ ಮೇಲಿನ ಹಳೆಯ ಲಿಪಿ ನೋಡಿ ಒಬ್ಬ ಹುಡುಗ, "ಏನ್ ಬರದಾನ್ರೀ ಸರ್ ರಾಜಾ?" ಎಂದು ಕೇಳಿದ. "ನನ್ನ ಕೇಳಬ್ಯಾಡೋ. ಮನ್ಯಾಗ ಹೆಂಡತಿ ಬರದದ್ದ ನನಗ ಓದಾಕ ಬರಂಗಿಲ್ಲ, ರಾಜಂದೇನ ಓದಲಿ" ಎಂದರು. ಆಗ ನಾನು ಎಲ್ಲರಿಗಿಂತ ಜೋರಾಗಿ ನಕ್ಕಿದ್ದೆ.

ಅದು ಹಾಸ್ಯವಾಗಿರಲಿಲ್ಲ. ಅವರ ಹೆಂಡತಿ ಸಿಂಧನೂರಿನಲ್ಲಿದ್ದರು, ಹಾಸಿಗೆ ಹಿಡಿದ ಅತ್ತೆಯ ಸೇವೆಯಲ್ಲಿ. ಮಕ್ಕಳಿರಲಿಲ್ಲ. ಆಕೆಗೆ ಉರ್ದು ಬಾರದು, ಕನ್ನಡ ಬರುತ್ತಿತ್ತು. ಚಿಕ್ಕಂದಿನಲ್ಲಿ ಮಠದಲ್ಲಿ ಸೋದರತ್ತೆಯೊಬ್ಬರು ಕಲಿಸಿದ್ದರಂತೆ. ಓಣಿಯ ಹೆಂಗಸರಿಗೆ ಪುರಾಣ ಓದಿ ಹೇಳುವಷ್ಟು ಬರುತ್ತಿತ್ತು. ಗಂಡನಿಗೆ ಒಂದು ಲಿಪಿ, ಹೆಂಡತಿಗೆ ಇನ್ನೊಂದು. ಒಂದೇ ಮನೆಯಲ್ಲಿದ್ದಾಗ ಅದು ತೊಂದರೆಯಾಗಿರಲಿಲ್ಲ. ಅವರಿಗೆ ಮಸ್ಕಿಗೆ ವರ್ಗವಾದ ಮೇಲೆ ನಡುವೆ ಒಬ್ಬ ಓದುವವನು ಬೇಕಾಯಿತು.

"ಮದಿವ್ಯಾದ ಹೊಸದಾಗಿ ಆಕಿ ಕಲಸ್ತೀನಿ ಅಂದಿದ್ಲು" ಎಂದು ಒಮ್ಮೆ ಹೇಳಿದರು. ಜೋಳದ ಹಿಟ್ಟು ನಾದುತ್ತಿದ್ದರು. ರೊಟ್ಟಿ ಬಡಿಯುವುದು ಅವರ ಪಾಳಿ, ಪಲ್ಯ ನನ್ನದು. "ನಾ ಏನಂದೆ? ನಾನು ಮಾಸ್ತರ, ಹೆಂಡತಿ ಮುಂದ ಪಾಟಿ ಹಿಡದು ಕುಂದರಲೇನು ಅಂದೆ. ಆಕಿ ಮತ್ತ ಆ ಮಾತ ತಗೀಲಿಲ್ಲ. ಹೆಣ್ಮಕ್ಳು ಒಂದ ಸಲ ಕೇಳ್ತಾರ್ರೀ ಪಂಡಿತರ. ಎರಡನೇ ಸಲ ಕೇಳ್ಯಾರಂದ್ರ ಅದು ಪ್ರಾಣದ ಮಾತಾಗಿರ್ತೈತಿ."

ಈ ಕೊನೆಯ ವಾಕ್ಯವನ್ನು ಅವರು ಹೇಳಿದರೋ, ಆಮೇಲೆ ನಾನು ಅವರ ಬಾಯಿಗೆ ಹಾಕಿದೆನೋ ಖಚಿತವಿಲ್ಲ. ತೀರಾ ಸರಿಯಾಗಿ ಹೊಂದುತ್ತದೆ. ಹಾಗೆ ಹೊಂದುವ ಮಾತುಗಳ ಮೇಲೆ ನನಗೆ ಭರವಸೆಯಿಲ್ಲ.

ಪತ್ರ ಬಂದ ದಿನ ಅದನ್ನು ಶೇರವಾನಿಯ ಒಳಜೇಬಿನಲ್ಲಿಟ್ಟುಕೊಂಡು ಇಡೀ ದಿನ ತಿರುಗುತ್ತಿದ್ದರು, ತೆರೆಯುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಕೈಕಾಲು ತೊಳೆದು, ಟೋಪಿ ತೆಗೆದಿಟ್ಟು, ಗೋಡೆಗೆ ಒರಗಿ ಕೂತು, "ಓದ್ರಿ" ಎನ್ನುತ್ತಿದ್ದರು. ಕಣ್ಣು ಮುಚ್ಚಿ ಕೇಳುತ್ತಿದ್ದರು. ನಡುವೆ ತಡೆದು, "ಆ ಎಮ್ಮಿದು ಇನ್ನೊಮ್ಮೆ" ಎನ್ನುತ್ತಿದ್ದರು. ಎಮ್ಮೆ ಹಗ್ಗ ಹರಿದುಕೊಂಡು ಎದುರುಮನೆಯವರ ತೊಗರಿ ಮೇಯ್ದದ್ದನ್ನು ನಾನು ಮೂರು ಸಲ ಓದಿದ್ದೇನೆ. ಆಕೆಯನ್ನು ನಾನು ಒಮ್ಮೆಯೂ ನೋಡಲಿಲ್ಲ. ಆದರೂ ಒಂದೂವರೆ ವರ್ಷ ಆ ಖೋಲಿಯಲ್ಲಿ ಆಕೆಯ ಮಾತು ಕೇಳಿಸಿದ್ದು ನನ್ನ ದನಿಯಲ್ಲಿ.

ಉತ್ತರ ಬರೆಯುವುದೂ ನನ್ನ ಕೆಲಸ. ಪದ್ಯಗಳಲ್ಲಿ ನೂರು ಸಲ ಪ್ರೀತಿ ಪಾಠ ಮಾಡಿದ ಮನುಷ್ಯ ಹೆಂಡತಿಗೆ ಏನು ಬರೆಸುತ್ತಾರೋ ಎಂದು ನನಗೆ ಮೊದಲು ಭಾರಿ ಕುತೂಹಲವಿತ್ತು. ಅವರು ಬರೆಸಿದರು: "ಜ್ವಾಳ ಹಸನ ಮಾಡಿ ಬೇವಿನ ತಪ್ಪಲ ಹಾಕಿಡು. ಅವ್ವಗ ಬೆನ್ನಿಗೆ ಎಣ್ಣಿ ಹಚ್ಚು. ನಿನ್ನ ಕಾಲಿನ ಒಡಕಿಗೆ ಮೇಣ ಹಚ್ಚಿದಿ ಇಲ್ಲೋ."

"ಇಷ್ಟೇನ್ರೀ ಸರ್? ಒಂದ್ ಪ್ರೀತಿ ಮಾತರ ಬರಸ್ರಿ" ಎಂದೆ.

"ಅಲ್ರೀ ಪಂಡಿತರ, ಕಾಲಿನ ಒಡಕಾ ಕೇಳೀನಿ. ಯಾವ ಕವಿ ಕೇಳ್ಯಾನ ತೋರಸ್ರಿ ನೋಡೂಣು."

ಇಲಾಖೆಯವರು ಹಳೆಯ ಮಾಸ್ತರರಿಗೆಲ್ಲ ಕನ್ನಡ ಪರೀಕ್ಷೆ ಇಟ್ಟಿದ್ದರು. ಪಾಸಾದವರಿಗೆ ತಮ್ಮ ಊರಿಗೆ ವರ್ಗ ಸಿಗುತ್ತದೆ ಎಂದು ಸುದ್ದಿ. ಅದಕ್ಕಾಗಿ ಐವತ್ತೊಂದರ ದೀಪಾವಳಿಯಾದ ಮೇಲೆ ನನ್ನ ಮುಂದೆ ಪಾಟಿ ಹಿಡಿದು ಕೂತರು. ಕೈ ಉರ್ದುವಿಗೆ ಒಗ್ಗಿತ್ತು. ಬಳಪ ತಾನಾಗಿ ಪಾಟಿಯ ಬಲಗಡೆಗೆ ಹೋಗುತ್ತಿತ್ತು. ನಾನು ಬೆರಳು ಹಿಡಿದು ಎಡಗಡೆಗೆ ತರುತ್ತಿದ್ದೆ. ತಂದೆಯ ವಯಸ್ಸಿನವರ ಬೆರಳು ಹಿಡಿಯಲು ನನಗೆ ಮುಜುಗರ. "ಹಿಡೀರಿ, ಹಿಡೀರಿ, ಬೆರಳ ಏನ್ ಕಚ್ಚಂಗಿಲ್ಲ" ಎನ್ನುತ್ತಿದ್ದರು.

ಆ ಪತ್ರ ಬಂದದ್ದು ಪರೀಕ್ಷೆಗೆ ಮೂರು ವಾರ ಮೊದಲು. ಸಂಜೆ ಐದರ ಬಿಸಿಲು ಗೋಡೆಯ ಮೇಲಿತ್ತು. ಎಂದಿನಂತೆ ಶುರುವಾಯಿತು: ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು. ಅತ್ತೆಯ ಕೆಮ್ಮು, ಹತ್ತಿ ಬಿಡಿಸಲು ಆಳು ಸಿಗದ್ದು. ಆಮೇಲೆ, ಇನ್ನೊಂದು ಮಾತು ಎಂದು ಬರೆದು, ಮೂರು ತಿಂಗಳಾಯಿತು ತಿಂಗಳದ್ದು ನಿಲ್ಲುತ್ತಿಲ್ಲ ಎಂದಿದ್ದರು. ನೀರು ಸೇದಲು ಹೋದರೆ ಕಣ್ಣಿಗೆ ಕತ್ತಲೆ ಬರುತ್ತದೆ. ಯಾರಿಗೂ ಹೇಳಿಲ್ಲ. ಒಮ್ಮೆ ಬಂದು ರಾಯಚೂರಿನ ದವಾಖಾನೆಗೆ ಕರೆದುಕೊಂಡು ಹೋಗಬೇಕು. ಅದರ ಕೆಳಗೆ ಇನ್ನೂ ಎರಡು ಸಾಲಿದ್ದವು.

ನನ್ನ ಕಣ್ಣು ಬಾಯಿಗಿಂತ ಮುಂದೆ ಹೋಗಿತ್ತು. ನಾನು ಬೆಳೆದ ಮನೆಯಲ್ಲಿ ಆ ಮಾತು ಗಂಡಸರ ಕಿವಿಗೆ ಬೀಳುತ್ತಿರಲಿಲ್ಲ. ಅವ್ವ ತಿಂಗಳಿಗೆ ಮೂರು ದಿನ ಪಡಸಾಲೆಯಲ್ಲಿ ಬೇರೆ ಮಲಗುತ್ತಿದ್ದಳು. ಯಾಕೆಂದು ನಾವು ಕೇಳುತ್ತಿರಲಿಲ್ಲ, ಆಕೆ ಹೇಳುತ್ತಿರಲಿಲ್ಲ. ಈಗ ಹಿರಿಯರೊಬ್ಬರ ಮುಂದೆ, ಅವರ ಹೆಂಡತಿಯ ಮೈಯ ಮಾತನ್ನು, ಮದುವೆಯಿಲ್ಲದ ನಾನು ಗಟ್ಟಿಯಾಗಿ ಓದಬೇಕು. ಅವರು ಕಣ್ಣು ಮುಚ್ಚಿದ್ದರು. ನಾನು ಓದಿದೆ: "ಮೈಯಾಗ ಅಷ್ಟ ಹುಷಾರಿಲ್ಲ. ಪುರುಸೊತ್ತಾದಾಗ ಬಂದು ಹೋಗ್ರಿ."

ತಡವರಿಸಲಿಲ್ಲ. ಅದು ಚೆನ್ನಾಗಿ ನೆನಪಿದೆ. ಒಳ್ಳೆಯ ವಾಕ್ಯವನ್ನು ಕ್ಷಣದಲ್ಲಿ ಕಟ್ಟಿದ್ದೆ, ಆಕೆಯ ಧಾಟಿಯಲ್ಲೇ.

"ಥಂಡಿ ಆಗಿರಬೇಕು, ಈ ಸಲ ಚಳಿ ಭಾಳ" ಎಂದರು ಅವರು. "ಬರೀರಿ. ಜೀರಿಗಿ, ಒಣ ಶುಂಠಿ ಹಾಕಿ ಕಾಸಿ ಕುಡಿ. ಪರೀಕ್ಷಾ ಮುಗಿಸಿಕೊಂಡ ಬರ್ತೀನಿ. ಈ ಸಲ ಪಾಸಾದ್ರ ಕಾಯಂ ಬಂದಂಗ."

ಬರೆದೆ. ಮಡಚಿ, ವಿಳಾಸ ಹಾಕಿ, ನಾನೇ ಡಬ್ಬಿಗೆ ಹಾಕಿ ಬಂದೆ. ಒಬ್ಬ ಹೆಂಗಸು ನಾಚಿಕೆ ಬಿಟ್ಟು ಬರೆದದ್ದಕ್ಕೆ ಜೀರಿಗೆ ಶುಂಠಿಯ ಉತ್ತರ ಹೋಯಿತು, ನನ್ನ ಕೈಬರಹದಲ್ಲಿ. ಹತ್ತು ದಿನಕ್ಕೆ ಆಕೆಯ ಕಾರ್ಡು ಬಂತು. ಅದರಲ್ಲಿ ಹೆಚ್ಚೇನೂ ಇರಲಿಲ್ಲ. "ಕಷಾಯ ಕುಡಿದೆ. ಪರೀಕ್ಷೆ ಚೆನ್ನಾಗಿ ಮಾಡಿರಿ." ಗಂಡ ಓದಿಸಿಕೊಂಡೂ ಹೀಗೆ ಬರೆಸಿದ ಎಂದುಕೊಂಡರೋ, ಓದುವವನು ನುಂಗಿದ ಎಂದುಕೊಂಡರೋ, ನನಗೆ ಗೊತ್ತಿಲ್ಲ. ಆಗಲಾದರೂ ಬಾಯಿ ಬಿಡಬಹುದಿತ್ತು. ಮಸ್ಕಿಯಿಂದ ಸಿಂಧನೂರು ಮೋಟಾರಿನಲ್ಲಿ ಒಂದು ತಾಸಿನ ದಾರಿ. ಮೊದಲು ಸುಳ್ಳು ಓದಿದ್ದೇನೆಂದು ಒಪ್ಪಿಕೊಳ್ಳಬೇಕಾಗುತ್ತದೆ ಎಂದು ಸುಮ್ಮನಿದ್ದೆ.

ಪರೀಕ್ಷೆ ಮುಗಿದ ಮರುದಿನವೇ ಅವರನ್ನು ಕರೆಯಲು ಊರಿಂದ ಆಳು ಬಂತು. ಆಕೆ ಬಾವಿಕಟ್ಟೆಯ ಹತ್ತಿರ ಬಿದ್ದಿದ್ದರಂತೆ. ರಾಯಚೂರಿಗೆ ಕರೆದೊಯ್ದರು. ಮೈಯಲ್ಲಿ ರಕ್ತವೇ ಉಳಿದಿಲ್ಲ, ಒಂದು ತಿಂಗಳು ಮೊದಲು ತಂದಿದ್ದರೆ ನೋಡಬಹುದಿತ್ತು ಎಂದು ಡಾಕ್ಟರು ಹೇಳಿದರಂತೆ. ಆರನೆಯ ದಿನ ತೀರಿಕೊಂಡರು. ಪರೀಕ್ಷೆಯಲ್ಲೂ ಅವರು ನಪಾಸಾಗಿದ್ದರು.

ಅವರು ಸಿಂಧನೂರಿನಲ್ಲಿದ್ದ ಆ ಒಂದು ತಿಂಗಳು ಖೋಲಿಯಲ್ಲಿ ನಾನೊಬ್ಬನೇ. ಅವರ ಟ್ರಂಕಿಗೆ ಬೀಗವಿರಲಿಲ್ಲ. ಪತ್ರಗಳೆಲ್ಲ ಅದರಲ್ಲಿದ್ದವು, ಬಂದ ಕ್ರಮದಲ್ಲಿ, ದಾರ ಕಟ್ಟಿ. ಆ ಪತ್ರವನ್ನು ತೆಗೆದು ನನ್ನ ಚೀಲದಲ್ಲಿಟ್ಟುಕೊಂಡೆ. ಮೂರು ದಿನ ಶಾಲೆಗೂ ಹಳ್ಳಕ್ಕೂ ಹೊತ್ತು ತಿರುಗಿದೆ. ನಾಲ್ಕನೆಯ ದಿನ ಮೊದಲಿನ ಜಾಗದಲ್ಲೇ ಇಟ್ಟೆ. ಪ್ರಾಮಾಣಿಕತೆಯಿಂದ ಇಟ್ಟೆ ಎಂದು ಬರೆಯುವ ಆಸೆಯಾಗುತ್ತದೆ. ಅವರು ಲಕೋಟೆಗಳನ್ನು ಮುಟ್ಟಿ ನೋಡಿಯೇ ಗುರುತು ಹಿಡಿಯುತ್ತಿದ್ದರು, ಕಡಿಮೆಯಾದರೆ ತಿಳಿಯುತ್ತದೆ ಎಂಬ ಹೆದರಿಕೆಯೇ ಹೆಚ್ಚಿತ್ತು.

ಮರಳಿ ಬಂದಾಗ ತಲೆಯ ಮೇಲೆ ಟೋಪಿ ಇರಲಿಲ್ಲ. ಮೊದಲ ದಿನವೇ ಪಾಟಿ ತೆಗೆದರು.

"ನಡೀರಿ ಪಂಡಿತರ, ಶುರು ಮಾಡೂಣು."

"ಪರೀಕ್ಷಾ ಇನ್ನ ಮುಂದಿನ ವರ್ಷ ಐತ್ರಿ ಸರ್."

"ಪರೀಕ್ಷಾಕ್ಕ ಯಾರ ಕಲೀತಾರ. ಆಕಿ ಪತ್ರ ಅದಾವ. ನಾನ ಓದಬೇಕು."

ಅಂದಿನಿಂದ ನಾನು ಕಲಿಸುವ ಒಂದೊಂದು ಅಕ್ಷರವೂ ಅವರನ್ನು ಆ ಸಾಲಿನ ಹತ್ತಿರ ಒಯ್ಯುತ್ತಿತ್ತು. ನಾನು ನಿಧಾನ ಮಾಡಿದೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಬರುತ್ತಿದ್ದ ಅಕ್ಷರಗಳನ್ನೇ ಮತ್ತೆ ಮತ್ತೆ ತಿದ್ದಿಸಿದೆ. ಆಮೇಲೆ, ಕಾವ್ಯದಿಂದ ಭಾಷೆ ಪಳಗುತ್ತದೆ ಎಂದು ಹೇಳಿ ಹಳಗನ್ನಡದ ಪದ್ಯಗಳನ್ನು ಮುಂದಿಟ್ಟೆ. ರಾಜರು, ಆನೆಗಳು, ಯುದ್ಧ. ಪಾಪ, ಎರಡು ತಿಂಗಳು ಬೆವರು ಸುರಿಸಿ ಓದಿದರು. ಒಂದು ದಿನ ಪುಸ್ತಕ ಮಗುಚಿಟ್ಟರು.

"ಪಂಡಿತರ, ನನಗ ರಾಜರ ಕನ್ನಡ ಬ್ಯಾಡ್ರಿ. ಹೆಣ್ಮಕ್ಳು ಬರಿಯೋ ಕನ್ನಡ ಕಲಸ್ರಿ."

ಸಾಹಿತ್ಯದ ಬಗ್ಗೆ ನಾನು ಆಮೇಲೆ ಬಹಳ ಓದಿದೆ, ಸಭೆಗಳಲ್ಲಿ ಮಾತಾಡಿದೆ. ಯಾವ ಮಾತೂ ನನ್ನನ್ನು ಆ ಒಂದು ಮಾತಿನಷ್ಟು ಸುಮ್ಮನಾಗಿಸಲಿಲ್ಲ. ಮರುದಿನದಿಂದ ಎಮ್ಮೆ, ಹಗ್ಗ, ಬಾವಿ, ಕೆಮ್ಮು, ಹತ್ತಿ ಇಂಥ ಮಾತುಗಳನ್ನು ಬರೆಸತೊಡಗಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಕಟ್ಟು ಬಿಚ್ಚಿದರು. ಮೊದಲಿನಿಂದ, ದಿನಕ್ಕೊಂದು ಪತ್ರ. ನಾನು ಆ ಹೊತ್ತಿಗೆ ಹಳ್ಳದ ಕಡೆ ತಿರುಗಾಡಲು ಹೋಗುತ್ತಿದ್ದೆ. ಎಷ್ಟನೆಯ ದಿನ ಅದು ಬರುತ್ತದೆಂದು ನನಗೆ ಗೊತ್ತಿತ್ತು. ಅಂದು ಹೊರಗೆ ಹೋಗಲಿಲ್ಲ. ಧೈರ್ಯದಿಂದ ಉಳಿದೆನೋ, ಕಾಲು ಬರಲಿಲ್ಲವೋ, ಹೇಳಲಾರೆ. ಇದಾದ ಮೇಲೂ ನಾವು ಎಂಟು ತಿಂಗಳು ಅದೇ ಖೋಲಿಯಲ್ಲಿದ್ದೆವು, ಒಂದೇ ಒಲೆಯ ಅಡಿಗೆ ಉಂಡೆವು. ಆಮೇಲೆ ನನಗೆ ಲಿಂಗಸೂಗೂರಿಗೆ, ಅವರಿಗೆ ಕೊನೆಗೂ ಸಿಂಧನೂರಿಗೆ ವರ್ಗವಾಯಿತು. ನಾನು ಒಮ್ಮೆಯೂ ಅವರನ್ನು ನೋಡಲು ಹೋಗಲಿಲ್ಲ. ಅವರು ಬರೆದ ನಾಲ್ಕು ಪತ್ರಗಳು ನನ್ನ ಹತ್ತಿರ ಇವೆ, ದಪ್ಪ ದಪ್ಪ ಕನ್ನಡದಲ್ಲಿ.

ಅವರು ಬೆರಳಿಟ್ಟು ಓದುತ್ತಿದ್ದರು, ಬಾಯಿ ಬಿಟ್ಟು, ಅಕ್ಷರ ಕೂಡಿಸಿ. ಅತ್ತೆಯ ಕೆಮ್ಮು ದಾಟಿತು. ಹತ್ತಿ ದಾಟಿತು. ಬೆರಳು ನಿಂತಿತು. ಮುಂದೆ ಸರಿಯಿತು. ಮತ್ತೆ ಹಿಂದೆ ಬಂದು ಅದೇ ಸಾಲಿನ ಮೇಲೆ ನಿಂತಿತು. ದನಿ ಇರಲಿಲ್ಲ, ತುಟಿ ಮಾತ್ರ ಆಡುತ್ತಿತ್ತು. ಕೊನೆಯ ತನಕ ಹೋದರು. ಆಮೇಲೆ ಪತ್ರವನ್ನು ನನ್ನ ಕಡೆ ಚಾಚಿದರು.

"ನೀವು ಓದ್ರಿ. ನಾ ಓದಿದ್ರ ಆಕಿ ದನಿ ಬರವಲ್ದು. ನಿಮ್ಮ ಬಾಯಾಗ ಕೇಳಿ ರೂಢಿ."

ಓದಿದೆ. ಈ ಸಲ ಬರೆದದ್ದನ್ನೇ ಓದಿದೆ.

"ಇನ್ನೊಂದು ಮಾತು. ಮೂರು ತಿಂಗಳಾತು, ತಿಂಗಳದ್ದು ನಿಲ್ಲವಲ್ದು. ನೀರು ಸೇದಾಕ ಹೋದ್ರ ಕಣ್ಣಿಗೆ ಕತ್ತಲಿ ಬರ್ತೈತಿ. ಅತ್ತಿಯವ್ರಿಗೆ ಹೇಳಿಲ್ಲ, ಯಾರಿಗೂ ಹೇಳಿಲ್ಲ. ನೀವು ಒಂದ ಸಲ ಬಂದು ರಾಯಚೂರ ದವಾಖಾನಿಗೆ ಕರಕೊಂಡ ಹೋಗ್ರಿ. ಓದೋ ತಮ್ಮಾ, ನೀ ಯಾರ ಮಗನೋ ನನಗ ಗೊತ್ತಿಲ್ಲ. ನಾಚಿಕಿ ಅಂತ ಇದನ್ನ ಬಿಡಬ್ಯಾಡ. ನಾನೂ ಬಿಡಬೇಕಂತ ಮಾಡಿದ್ದೆ, ಬರದೀನಿ."

ಹೊರಗೆ ಯಾರೋ ಎತ್ತಿಗೆ ನೀರು ಕುಡಿಸುತ್ತ ಸಿಳ್ಳು ಹಾಕುತ್ತಿದ್ದರು.

"ಇದಕ್ಕ ನಾಚಿದ್ರೇನ್ರಿ ಪಂಡಿತರ?"

"ಹೌದ್ರಿ ಸರ್."

ಅವರು ತಲೆಯಾಡಿಸಿದರು. ನನ್ನ ಕೈಯಿಂದ ಪತ್ರ ತೆಗೆದುಕೊಂಡು, ಮಡಿಕೆಯ ಗುರುತಿನ ಮೇಲೇ ಮಡಚಿದರು. ಸಿಟ್ಟಿನ ಮಾತು ಬರುತ್ತದೆಂದು ಕಾದೆ. ಬಂದಿದ್ದರೆ ಈ ಆರು ವರ್ಷ ನನಗೆ ಹಗುರಾಗುತ್ತಿತ್ತೋ ಏನೋ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದರಲ್ಲಿದ್ದದ್ದು ಹೆಂಡತಿಯ ಬಗೆಗಿನ ಹೆಮ್ಮೆ. ಉಳಿದದ್ದೆಲ್ಲ ನಾನು ತಿದ್ದಿರಬಹುದು, ಇದೊಂದನ್ನು ತಿದ್ದಿಲ್ಲ.

"ಆಕಿ ನಾಚಲಿಲ್ಲ ನೋಡ್ರಿ" ಎಂದರು.